ಅಂಚಿಲ್ಲದ ರಸ್ತೆಯ ಎಡಬದಿ

ನಮ್ಮೂರಿಗೆ ಹೊರಗಿನಿಂದ ಬಂದವರು ಕಾರಿನಿಂದ ಇಳಿದ ಕೂಡಲೇ ಹೇಳುವುದು ಒಂದೇ ಮಾತು: "ಅಬ್ಬಾ, ಥೇಟ್ ಸಮುದ್ರ!" ಸಮುದ್ರವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಅಣೆಕಟ್ಟು ಕಟ್ಟಿ ನಿಲ್ಲಿಸಿದ ಶರಾವತಿಯ ಹಿನ್ನೀರು. ಅದರ ಅಡಿಯಲ್ಲಿ ನಮ್ಮಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಇದೆ. ನಾನು ಎರಡನೇ ಕ್ಲಾಸಿನವರೆಗೆ ಓದಿದ ಶಾಲೆ ಇದೆ. ಮೂರನೇ ಕ್ಲಾಸಿಗೆ ನನಗಿಂತ ಮೊದಲು ನೀರು ಹೋಗಿ ಕೂತಿತು. ಅಲ್ಲಿಗೆ ನನ್ನ ಓದು ಮುಗಿಯಿತು. ಇದನ್ನೆಲ್ಲ ಹೇಳಹೊರಟರೆ ಬಂದವರಿಗೆ ಬೇಜಾರು. ಅವರಿಗೆ ನೀರಿನ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುವ ಅವಸರ.

ನಾನು ಬರೆಯಲು ಕೂತದ್ದು ನೀರಿನ ಕಥೆಯನ್ನಲ್ಲ, ನನ್ನ ಮೊಮ್ಮಗಳ ಸೈಕಲ್ಲಿನ ಕಥೆಯನ್ನು. ಸಂತೋಷ ಎಷ್ಟಾಗಿದೆ ಎಂದರೆ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಸಿಟ್ಟೂ ಹಿಡಿಸುತ್ತಿಲ್ಲ. ಎರಡೂ ಬೆರೆತು ಹೋಗಿವೆ, ಆರಿಸಿ ಬೇರೆ ಮಾಡಲು ನನ್ನಿಂದ ಆಗದು. ನಾನು ಬರೆದದ್ದನ್ನು ಸೊಸೆ ಓದಿ ತಿದ್ದುತ್ತಾಳೆ. ಸಿಟ್ಟನ್ನು ಮಾತ್ರ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮ ಕಡೆ ಮಕ್ಕಳು ಸೈಕಲ್ ಕಲಿಯುವುದು ರಸ್ತೆಯಲ್ಲಲ್ಲ, ಹೊಳೆಯ ಹೊಟ್ಟೆಯಲ್ಲಿ. ಶಿವರಾತ್ರಿ ಕಳೆಯಿತೆಂದರೆ ನೀರು ಇಳಿಯತೊಡಗುತ್ತದೆ. ಮೊದಲು ಸತ್ತ ಮರಗಳ ಬೊಡ್ಡೆಗಳು ತಲೆ ಎತ್ತುತ್ತವೆ. ಆಮೇಲೆ ಹಳೇ ದಾರಿ ಎದ್ದು ಬರುತ್ತದೆ. ನಮ್ಮಪ್ಪ ಎತ್ತಿನ ಗಾಡಿ ಹೊಡೆದ ದಾರಿ ಅದು. ಮಳೆಗಾಲ, ಚಳಿಗಾಲವೆಲ್ಲ ನೀರಿನಡಿ ಮಲಗಿದ್ದು, ಬೇಸಿಗೆಯಲ್ಲಿ ಮೈ ಒಣಗಿಸಿಕೊಳ್ಳಲು ಮೇಲೆ ಬರುತ್ತದೆ. ನಡುವೆ ಹಾಸಿದ ಕಲ್ಲು ಇವತ್ತಿಗೂ ಗಟ್ಟಿ. ಎರಡು ಬದಿಯ ಅಂಚು ಮಾತ್ರ ಬರೀ ಹೂಳು. ಮೇಲಿನಿಂದ ನೋಡಿದರೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ನೆಲ. ಕಾಲಿಟ್ಟರೆ ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ. ಅದರಲ್ಲಿ ಸಿಕ್ಕಿಕೊಂಡ ದನಗಳನ್ನು ಊರೆಲ್ಲ ಸೇರಿ ಹಗ್ಗ ಹಾಕಿ ಎಳೆದದ್ದಿದೆ.

ಹಾಗಾಗಿ ನಮ್ಮಲ್ಲಿ ಸೈಕಲ್ಲಿಗೆ ನಮ್ಮದೇ ಕಾನೂನು. ಯಾರೂ ಬೋರ್ಡ್ ಹಾಕಿದ್ದಲ್ಲ, ತಲೆಗೆ ಎಣ್ಣೆ ಹಚ್ಚುತ್ತಾ ಹೇಳಿಕೊಟ್ಟದ್ದು. ನಡುವೆ ಹೋಗು, ಸತ್ತರೂ ಅಂಚಿಗೆ ಹೋಗಬೇಡ. ದನ ಎದುರಾದರೆ ಬೆಲ್ ಹೊಡೆಯಬೇಡ, ಬೆದರಿದ ದನ ಹೂಳಿಗೆ ಇಳಿಯುತ್ತದೆ. ನೀನೇ ಇಳಿದು ನಿಲ್ಲು. ಬ್ರೇಕು ಹಿಡಿಯದಿದ್ದರೆ ಹೆದರಬೇಡ, ದಾರಿ ನೀರಿಗಿಳಿಯುವ ಕಡೆ ಬಿಡು. ಅಲ್ಲಿ ಕಾಲಡಿ ಕಲ್ಲಿದೆ, ಚಕ್ರ ಅರ್ಧ ಮುಳುಗುವಷ್ಟರಲ್ಲಿ ಸೈಕಲ್ ತಾನೇ ನಿಲ್ಲುತ್ತದೆ. ಈ ಕಾನೂನು ಪಾಲಿಸಿದ ಮಕ್ಕಳು ಯಾರೂ ಕೈಕಾಲು ಮುರಿದುಕೊಂಡದ್ದು ನಾನು ನೋಡಿಲ್ಲ.

ಮೊಮ್ಮಗಳೂ ಕಳೆದ ಬೇಸಿಗೆಯಲ್ಲಿ ಹಾಗೆಯೇ ಕಲಿತಳು. ಸೈಕಲ್ ಹೊಸದಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡುತ್ತಿತ್ತಲ್ಲ, ಅಂಥದ್ದು ನನ್ನ ಮಗಳಿಗೆ ಬಂದಿತ್ತು. ಅವಳು ಮದುವೆಯಾಗಿ ಕೋಣಂದೂರಿಗೆ ಹೋದ ಮೇಲೆ ಕೊಟ್ಟಿಗೆಯ ಮಾಡಿಗೆ ನೇತಾಡುತ್ತಿತ್ತು. ಮೊಮ್ಮಗಳ ಪಾಲಿಗೆ ಸರ್ಕಾರದ ಸೈಕಲ್ ಬರಲಿಲ್ಲ. ಮಗ ಅವಳ ಅತ್ತೆಯ ಆ ಸೈಕಲ್ಲನ್ನೇ ಇಳಿಸಿ, ಟ್ಯೂಬು ಬದಲಿಸಿ, ಚೈನಿಗೆ ಎಣ್ಣೆ ಬಿಟ್ಟು ಕೊಟ್ಟ. ಇಳಿಜಾರಿನ ಕೊನೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ ನಾನು ನಿಂತೆ. ಮೇಲಿನಿಂದ ಬರುವವಳನ್ನು ಹಿಡಿಯುವ ಕೆಲಸ ನನ್ನದು.

"ಅಜ್ಜೀ, ಬದಿಗೆ ನಿಂತ್ಕ! ನಿನ್ನ ಮೇಲೇ ಬರ್ತೀನಿ ನೋಡು!"

"ಬಾರೆ ಬಾ! ನಿಮ್ಮಪ್ಪನ್ನ ಹೊತ್ತ ಸೊಂಟ ಇದು, ನಿನ್ನ ಗುಜರಿ ಸೈಕಲ್ಲಿಗೆ ಮುರಿಯೋದಲ್ಲ!"

ಬಂದಳು. ನೀರು ಎರಡು ಬದಿಗೆ ಹಾರಿತು. ನಾನು, ಅವಳು, ಸೈಕಲ್ಲು ಮೂವರೂ ನೀರಿನಲ್ಲಿ ಕೂತೆವು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಕೆಳಗಿನ ಮನೆಯವಳು, ಅವಳಿಗೆ ನಾಲಿಗೆ ಸ್ವಲ್ಪ ಉದ್ದ, "ಅಕ್ಕಾ, ಹಂಗೇ ಕೂತ್ಕಂಡ್ರೆ ನಿನ್ನ ಸೀರೆನೂ ಒಗೆದು ಹಾಕ್ತೀನಿ" ಎಂದಳು. ನಕ್ಕು ನಕ್ಕು ನನಗೆ ಏಳಲು ಆಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಹುಡುಗಿ ಆ ಹಳೇ ದಾರಿಯ ನಡುವೆ ಹಕ್ಕಿಯ ಹಾಗೆ ಹೋಗುತ್ತಿದ್ದಳು. ನಮ್ಮಪ್ಪನ ಗಾಡಿ ಉರುಳಿದ ಕಲ್ಲಿನ ಮೇಲೆ ನನ್ನ ಮೊಮ್ಮಗಳ ಚಕ್ರ ಉರುಳುವುದನ್ನು ನೋಡಿದೆ. ನೀರು ಎಲ್ಲವನ್ನೂ ನುಂಗಿಲ್ಲ ಎಂದು ಅವತ್ತು ಮೊದಲ ಸಲ ಅನಿಸಿತು.

ಹೈಸ್ಕೂಲು ನಮ್ಮ ಮನೆಯಿಂದ ಮೂರು ನಾಲ್ಕು ಮೈಲಿ. ಮೊದಲು ಆ ರಸ್ತೆಯಲ್ಲಿ ಓಡಾಡುತ್ತಿದ್ದದ್ದು ವಾಹನ ಹೊತ್ತು ಹಿನ್ನೀರು ದಾಟಿಸುವ ಲಾಂಚಿನಲ್ಲಿ ಬಂದ ನಾಲ್ಕು ಗಾಡಿ. ಲಾಂಚ್ ಬಂದು ಹೋದ ಮೇಲೆ ರಸ್ತೆಯಲ್ಲಿ ದನ ಮಲಗಿ ಮೆಲುಕು ಹಾಕುತ್ತಿದ್ದವು. ನನ್ನ ಮಗ ಆ ಲಾಂಚಿನಲ್ಲೇ ಹಗ್ಗ ಎಸೆಯುವ ಕೆಲಸದಲ್ಲಿದ್ದ. ಸೇತುವೆ ಬೇಕು, ಸೇತುವೆ ಬೇಕು ಎಂದು ಅವನ ಅಜ್ಜನ ಕಾಲದಿಂದ ಕೇಳಿದ್ದೇ ಕೇಳಿದ್ದು. ಹೆರಿಗೆ ನೋವು ಬಂದ ಹೆಂಗಸರು ಲಾಂಚಿಗೆ ಕಾಯುತ್ತಾ ದಡದಲ್ಲೇ ಹೆತ್ತರು. ಆಗ ಬರಲಿಲ್ಲ. ಈಗ ಬಂತು. ಬಂದ ಮೇಲೆ ಗೊತ್ತಾಯಿತು, ಸೇತುವೆಯ ಮೇಲೆ ನಾವು ಆಚೆ ಹೋಗುವುದಕ್ಕಿಂತ ಅವರು ಈಚೆ ಬರುವುದೇ ಹೆಚ್ಚು. ಮಗನ ಹಗ್ಗಕ್ಕೆ ಕೆಲಸವಿಲ್ಲ. ಅವನೀಗ ಸಾಗರ ಪೇಟೆಯಲ್ಲಿ ಮನೆಗಳಿಗೆ ಬಣ್ಣ ಬಳಿಯಲು ಬೆಳಕು ಹರಿಯುವ ಮೊದಲೇ ಹೋಗುತ್ತಾನೆ. ಸೊಸೆ ನೀರಿನ ದಂಡೆಗೆ ಹೊಸದಾಗಿ ಎದ್ದ ರೆಸಾರ್ಟಿನಲ್ಲಿ ರೊಟ್ಟಿ ತಟ್ಟುತ್ತಾಳೆ.

ಮಳೆ ಹಿಡಿದಿರುವಷ್ಟು ದಿನ ಮಗ ಹೇಗೋ ಕೆಲಸಕ್ಕೆ ತಡ ಮಾಡಿಕೊಂಡು ಹುಡುಗಿಯನ್ನು ಬೈಕಿನಲ್ಲಿ ಶಾಲೆಗೆ ಬಿಟ್ಟ. ದಸರೆ ರಜೆ ಮುಗಿದ ಮೇಲೆ ಮೇಸ್ತ್ರಿ ಒಪ್ಪಲಿಲ್ಲ. ಬಸ್ಸು ಬೆಳಿಗ್ಗೆ ಒಂದಿದೆ, ಆದರೆ ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಹಿಂದೆ ಬರುವುದಕ್ಕೆ ಏನೂ ಇಲ್ಲ. ಸೈಕಲ್ಲೇ ಸೈ ಎಂದು ಹುಡುಗಿ ಹೊರಟಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮೊಣಕೈ ಕೆತ್ತಿಕೊಂಡು, ಲಂಗದ ಅಂಚು ಹರಿದುಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಅವಳು ಹೇಳಿದ್ದು ಇಷ್ಟು: ರಸ್ತೆಯ ನಡುವೆ ಹೋಗುತ್ತಿದ್ದಳು. ಹಿಂದಿನಿಂದ ಒಂದು ದೊಡ್ಡ ಕಾರು ಬಂತು, ಹಾರ್ನ್ ಹೊಡೆದೇ ಹೊಡೆಯಿತು. ಎಡಕ್ಕೋ ಬಲಕ್ಕೋ ಸರಿಯುವುದು ಅವಳಿಗೆ ಹೊಳೆಯಲೇ ಇಲ್ಲ. ನಾವು ಕಲಿಸಿದ ಹಾಗೆ ಇಳಿದು ನಿಂತಳು, ನಟ್ಟ ನಡುವೆ. ಕಾರು ಪಕ್ಕದಿಂದ ನುಗ್ಗಿತು, ಅದರ ಕನ್ನಡಿ ಹ್ಯಾಂಡಲಿಗೆ ತಾಗಿತು. ಇವಳು ಬಿದ್ದಳು. ಕಾರಿನವನು ಇಳಿದ, ಎತ್ತಲಿಲ್ಲ.

"ಎತ್ತಲಿಲ್ವನೆ?"

"ಇಲ್ಲಜ್ಜಿ. ಕನ್ನಡಿ ನೋಡ್ಕಂಡ. ಆಮೇಲೆ ನನ್ನ ಫೋಟೋ ತೆಗ್ದ. ರೋಡು ನಿಮ್ಮಪ್ಪಂದಾ ಅಂದ."

"ನೀ ಎಂತ ಅಂದೆ?"

"ನಮ್ಮಜ್ಜಿಯ ಅಪ್ಪಂದು ನೀರಲ್ಲುಂಟು, ಇದು ಯಾರ್ದೋ ಗೊತ್ತಿಲ್ಲ ಅಂದೆ."

ಮೊಣಕೈಗೆ ಅರಿಶಿನ ಒತ್ತುತ್ತಾ ನಾನು ನಕ್ಕದ್ದೂ ಹೌದು, ಅತ್ತದ್ದೂ ಹೌದು.

ಆ ಮನುಷ್ಯ ಅಷ್ಟಕ್ಕೇ ಬಿಡಲಿಲ್ಲ. ಯೂನಿಫಾರ್ಮ್ ನೋಡಿ ಶಾಲೆ ಹುಡುಕಿಕೊಂಡು ಹೋಗಿ ಫೋಟೋ ತೋರಿಸಿದ. ರಸ್ತೆಯ ನಡುವೆ ಸೈಕಲ್ ನಿಲ್ಲಿಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಿದ್ದೀರಾ ಎಂದು ಹೆಡ್‌ಮಾಸ್ಟರನ್ನು ಕೇಳಿದ. ಕನ್ನಡಿಯ ಮೇಲೆ ಗೀರಿದ ಗುರುತಿತ್ತಂತೆ, ಅದರ ಫೋಟೋ ಕೂಡ ತೋರಿಸಿದ. ನನ್ನ ಮೊಮ್ಮಗಳ ಮೊಣಕೈಯ ಫೋಟೋ ಅವನ ಹತ್ತಿರ ಇರಲಿಲ್ಲ.

ಮರುವಾರ ಶಾಲೆಯಲ್ಲಿ ಸಭೆ. ಪೊಲೀಸಿನವರೊಬ್ಬರು ಬಂದು ಸೈಕಲ್ ಸವಾರಿಯ ನಿಯಮಗಳನ್ನು ಹೇಳಿದರು. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ರಸ್ತೆಯ ಎಡ ಅಂಚಿನಲ್ಲೇ ಹೋಗಬೇಕು. ತಿರುಗುವ ಮೊದಲು ಕೈ ಚಾಚಬೇಕು. ಬೆಲ್ಲು ಇರಬೇಕು, ಎರಡೂ ಬ್ರೇಕು ಹಿಡಿಯಬೇಕು, ಹಿಂದೆ ಕೆಂಪಗೆ ಹೊಳೆಯುವ ಬಿಲ್ಲೆ ಇರಬೇಕು. ಇಬ್ಬರು ಕೂರಬಾರದು, ಜೋಡಿಯಾಗಿ ಹೋಗಬಾರದು. ಒಳ್ಳೆಯ ಮನುಷ್ಯ, ನಿಧಾನವಾಗಿ ಬಿಡಿಸಿ ಹೇಳಿದರು. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಎದ್ದು ಕೇಳಿದೆ.

"ಸಾಯೇಬ್ರೆ, ಇದು ಸೈಕಲ್ಲಿನೋರಿಗೆ ಆಯ್ತು. ಕಾರಿನೋರಿಗೆ ಇಂಥ ಸಭೆ ಎಲ್ಲಿ ಮಾಡ್ತೀರಿ?"

ಮಕ್ಕಳು ನಕ್ಕರು. ಅವರೂ ನಕ್ಕರು. "ಕಾನೂನು ಎಲ್ರಿಗೂ ಒಂದೇ ಅಜ್ಜಿ" ಎಂದರು. ಎಲ್ಲರಿಗೂ ಒಂದೇ ಇದ್ದರೆ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಬೇಕಿತ್ತು ಎಂದು ಹೇಳಲು ಬಾಯಿ ತೆರೆದೆ. ಮೊಮ್ಮಗಳು ಮುಂದಿನ ಸಾಲಿನಿಂದ ತಿರುಗಿ ಕಣ್ಣು ದೊಡ್ಡದು ಮಾಡಿದಳು. ಕೂತೆ.

ಹೆಡ್‌ಮಾಸ್ಟರು ತೀರ್ಮಾನ ಹೇಳಿದರು. ಪಿಟಿ ಮಾಸ್ತರು ಪರೀಕ್ಷೆ ಮಾಡುತ್ತಾರೆ. ಎಡ ಅಂಚು ಬಿಡದೆ ಸೈಕಲ್ ಹೊಡೆಯಬಲ್ಲ ಮಕ್ಕಳು ಮಾತ್ರ ಸೈಕಲ್ಲಿನಲ್ಲಿ ಬರಬಹುದು. ಉಳಿದವರ ಸೈಕಲ್ಲಿಗೆ ಗೇಟಿನೊಳಗೆ ಜಾಗವಿಲ್ಲ. ಆ ಸಂಜೆ ಮಗ ಜಗಲಿಯಲ್ಲಿ ಬಣ್ಣದ ಕೈ ಸೀಮೆಎಣ್ಣೆಯಲ್ಲಿ ಉಜ್ಜುತ್ತಾ ಹೇಳಿದ, "ಪರೀಕ್ಷೆಲಿ ಪಾಸಾಗ್ಲಿಲ್ಲ ಅಂದ್ರೆ ಕೋಣಂದೂರಿಗೆ ಕಳಿಸ್ತೀನಿ. ಅತ್ತೆ ಮನೇಲಿದ್ದು ಓದ್ಲಿ. ಅಲ್ಲಿ ಶಾಲೆ ಮನೆ ಎದುರೇ ಉಂಟು."

ನನ್ನ ಮಗಳ ಮನೆ ಕೆಟ್ಟದ್ದಲ್ಲ. ಅಳಿಯ ಬಂಗಾರದಂಥವನು. ಆದರೆ ಈ ಹುಡುಗಿ ಹುಟ್ಟಿದಾಗಿನಿಂದ ನನ್ನ ಮಗ್ಗುಲಲ್ಲಿ ಮಲಗಿದವಳು. ಅವಳು ಹೋದರೆ ಈ ಮನೆಯಲ್ಲಿ ಬೆಳಿಗ್ಗೆ ನನ್ನ ಜೊತೆ ಜಗಳವಾಡಲು ಯಾರಿದ್ದಾರೆ? ಅವಳೂ ಕಂಬಕ್ಕೆ ಆತುಕೊಂಡು ನಿಂತಿದ್ದಳು. "ನಾ ಹೋಗೋದಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಪರೀಕ್ಷೆಯ ದಿನ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಒಂದು ಬದಿಗೆ ತೋಟದ ಬೇಲಿ, ಇನ್ನೊಂದು ಬದಿಗೆ ಗೆರೆ, ನಡುವೆ ಎರಡು ಮೊಳ ಜಾಗ. ಅದರೊಳಗೇ ಹೋಗಿ ಬರಬೇಕು. ಮೇಲಿನೂರಿನ ಮಕ್ಕಳು ಹೋಗಿ ಬಂದರು. ಆಮೇಲೆ ನೀರಂಚಿನ ಮಕ್ಕಳ ಸರದಿ. ಒಬ್ಬೊಬ್ಬರಾಗಿ ಹೊರಟರು. ಸ್ವಲ್ಪ ದೂರ ಸರಿಯಾಗೇ ಹೋಗುತ್ತಿದ್ದರು. ಆಮೇಲೆ ನೋಡನೋಡುತ್ತಿದ್ದ ಹಾಗೆ ಗೆರೆ ದಾಟಿ ಮೈದಾನದ ನಡುವಿಗೆ ಬಂದುಬಿಡುತ್ತಿದ್ದರು. ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ, ಎಲ್ಲರೂ. ಒಂದು ಮಗುವೂ ಗೆರೆಯೊಳಗೆ ಉಳಿಯಲಿಲ್ಲ.

"ಎಲ್ರಿಗೂ ಒಂದೇ ರೋಗ ಏನ್ರೋ?" ಎಂದರು ಪಿಟಿ ಮಾಸ್ತರು.

"ಸಾರ್, ಇವ್ರು ಲಾಂಚಲ್ಲಿ ಹುಟ್ಟಿದೋರು. ಲಾಂಚಿಗೆ ಎಡ ಬಲ ಇರ್ತದಾ ಸಾರ್?" ಎಂದು ಮೇಲಿನೂರಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಮೈದಾನವೇ ನಕ್ಕಿತು.

ನಾನು ಮಾಸ್ತರ ಹತ್ತಿರ ಹೋಗಿ ಹೂಳಿನ ವಿಷಯ ಹೇಳಿದೆ. ಈ ಮಕ್ಕಳ ಮೈಗೆ ಅಂಚು ಎಂದರೆ ಮುಳುಗುವ ಜಾಗ, ಕಣ್ಣು ಗೆರೆ ನೋಡಿದರೂ ಮೈ ಕೇಳುವುದಿಲ್ಲ ಎಂದೆ. ಅವರು ಕೇಳಿಸಿಕೊಂಡರು. ಕೆಟ್ಟವರಲ್ಲ. "ನನಗೆ ಅರ್ಥ ಆಗ್ತದೆ ಅಜ್ಜಿ. ಆದ್ರೆ ಲಾರಿಗೆ ಅರ್ಥ ಆಗ್ಬೇಕಲ್ಲ? ಇನ್ನೊಂದು ಸಲ ಪರೀಕ್ಷೆ ಇಡ್ತೀನಿ. ಅಷ್ಟರಲ್ಲಿ ಕಲಿಸಿ ಕರ್ಕಂಡು ಬನ್ನಿ. ಈ ಸಲ ರಸ್ತೆ ಮೇಲೇ ನೋಡೋದು." ಮೊಮ್ಮಗಳು ದಾರಿಯುದ್ದಕ್ಕೂ ಸೈಕಲ್ಲನ್ನು ತಳ್ಳಿಕೊಂಡೇ ಬಂದಳು. ಮನೆಯ ಹತ್ತಿರ ಬಂದಾಗ ಕೇಳಿದಳು, "ಅಜ್ಜಿ, ಅಂಚಿಗೆ ಹೋದ್ರೆ ಕಾಲಡಿ ಏನೂ ಇಲ್ಲ ಅನ್ಸ್ತದೆ. ನಿಂಗೂ ಹಂಗೇ ಆಗ್ತದಾ?"

"ನಂಗೆ ಎಲ್ಲಿ ನಿಂತ್ರೂ ಹಂಗೇ ಆಗ್ತದೆ ಮಗಾ. ಅದಕ್ಕೆ ಎಂತ ಮಾಡೋದು? ಕಲಿಯೋದು."

ಮಾರನೆಯ ಬೆಳಿಗ್ಗೆ ವಾಹನಗಳು ಶುರುವಾಗುವ ಮೊದಲು ಅವಳನ್ನು ರಸ್ತೆಗೆ ಕರೆದುಕೊಂಡು ಹೋದೆ. ಇಲ್ಲಿ ಹೂಳಿಲ್ಲ, ಟಾರಿನ ರಸ್ತೆಯ ಅಂಚು ಗಟ್ಟಿ ನೆಲ, ಕಣ್ಣಾರೆ ನೋಡು ಎಂದು ತೋರಿಸುವುದು ನನ್ನ ಲೆಕ್ಕಾಚಾರ. ತೋರಿಸಲು ಬಗ್ಗಿದೆ. ಅಂಚು ಇರಲಿಲ್ಲ. ಇಷ್ಟು ವರ್ಷ ಅದೇ ರಸ್ತೆಯಲ್ಲಿ ಓಡಾಡಿ ನಾನೂ ನೋಡಿರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ ಟಾರು ಅಲ್ಲಲ್ಲೇ ಮುರಿದು, ಅದರಾಚೆ ಒಂದು ಗೇಣು ಕೆಳಕ್ಕೆ ಕುಸಿದು, ಅದಕ್ಕೆ ತಾಗಿಯೇ ಚರಂಡಿ. ಚರಂಡಿಯ ಮೇಲೆ ಲಂಟಾನದ ಮುಳ್ಳು ಬಗ್ಗಿಕೊಂಡಿದೆ. ಎಡ ಅಂಚಿನಲ್ಲಿ ಹೋಗಬೇಕು ಎಂದು ಸಭೆ ಮಾಡಿ ಹೇಳಿದ್ದರು. ಎಡ ಅಂಚನ್ನು ಮಾಡಿಟ್ಟಿರಲಿಲ್ಲ. ಹುಡುಗಿಯ ಮೈ ಸುಳ್ಳು ಹೇಳಿರಲಿಲ್ಲ, ಇಲ್ಲಿಯೂ ಕಾಲಡಿ ಏನೂ ಇರಲಿಲ್ಲ.

ಅವತ್ತು ನನಗೆ ಬಂದ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಪಂಚಾಯ್ತಿಗೆ ಹೋದೆ. ರಸ್ತೆ ನಮ್ಮದಲ್ಲ ಅಜ್ಜಿ ಎಂದರು. ರಸ್ತೆಯ ಆಫೀಸಿಗೆ ಹೋದೆ. ಟಾರಿನಿಂದಾಚೆ ಕಾಡಿನವರದ್ದು ಎಂದರು. ಕಾಡಿನ ಆಫೀಸಿನಲ್ಲಿ ಚರಂಡಿ ಪಂಚಾಯ್ತಿಯದ್ದು ಎಂದರು. ನೀರು ನಮ್ಮನ್ನು ಎಬ್ಬಿಸಿದಾಗಲೂ ಹೀಗೆಯೇ, ಮುಳುಗಿದ್ದು ಯಾರದ್ದು ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಪರಿಹಾರ ಕೊಡುವವರು ಯಾರು ಎನ್ನುವುದು ಗೊತ್ತಿರಲಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ.

ಬರುವ ದಾರಿಯಲ್ಲಿ ರೆಸಾರ್ಟಿನ ಅತಿಥಿಗಳು ಸೈಕಲ್ಲಿನಲ್ಲಿ ಎದುರಾದರು. ರೆಸಾರ್ಟಿನವರೇ ಬಾಡಿಗೆಗೆ ಕೊಡುವ ದಪ್ಪ ಚಕ್ರದ ಸೈಕಲ್ಲು. ತಲೆಗೆ ಬಣ್ಣಬಣ್ಣದ ಹೆಲ್ಮೆಟ್ಟು, ಮೈಗೆ ಹೊಳೆಯುವ ಪಟ್ಟಿ. ಜೋಡಿ ಜೋಡಿಯಾಗಿ ರಸ್ತೆ ತುಂಬ ಮಾತಾಡಿಕೊಂಡು ಹೋಗುತ್ತಿದ್ದರು. ಹಿಂದೆ ಒಂದು ಕಾರು ಹಾರ್ನ್ ಹೊಡೆಯದೆ ಮೆಲ್ಲಗೆ ಬರುತ್ತಿತ್ತು. ಅವರಿಗೆ ಏನಾದರೂ ಆಗಲಿ ಎಂದು ನಾನು ಬಯಸಿದವಳಲ್ಲ, ಅವರೂ ಮಕ್ಕಳೊಂದಿಗರು. ಆ ಕಾರು ಅಷ್ಟು ಮೆಲ್ಲಗೆ ಬರಬಲ್ಲುದು ಎಂಬುದನ್ನು ಮಾತ್ರ ನೋಡಿಟ್ಟುಕೊಂಡೆ.

ಮನೆಗೆ ಬಂದವಳೇ ಕತ್ತಿ, ಹಾರೆ, ಬುಟ್ಟಿ ತೆಗೆದೆ.

"ಎಲ್ಲಿಗೆ ಅಕ್ಕ ದಂಡು?" ಎಂದಳು ಕೆಳಗಿನ ಮನೆಯವಳು.

"ಅಂಚು ಮಾಡೋಕೆ."

"ಸೀರೆದಾ?"

"ರಸ್ತೆದು. ನಿನ್ನ ಮಗಳೂ ಗೆರೆ ದಾಟಿದಾಳಲ್ಲ, ಬಾ ಸುಮ್ನೆ."

ಬಂದಳು. ಬೈಯುತ್ತಲೇ ಬಂದಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಮಕ್ಕಳು ಗೆರೆ ದಾಟಿದ್ದ ಮನೆಗಳ ಹೆಂಗಸರೇ ಎಲ್ಲ. ಊರಿನಿಂದ ಶಾಲೆಯವರೆಗೆ ಮಾಡುವ ತಾಕತ್ತು ನಮಗಿಲ್ಲ. ತೀರಾ ಕೆಟ್ಟಿದ್ದದ್ದು ನೀರು ಕಾಣುವ ಆ ದೊಡ್ಡ ತಿರುವಿನಲ್ಲಿ. ಮೊಮ್ಮಗಳು ಬಿದ್ದದ್ದೂ ಅಲ್ಲೇ. ಅಲ್ಲಿಂದ ಹಿಡಿದೆವು. ಮುಳ್ಳು ಸವರಿದೆವು. ಗುಡ್ಡದ ಬುಡದಿಂದ ಕೆಂಪು ಜಲ್ಲಿಮಣ್ಣು ಹೊತ್ತು ತಂದು ಕುಸಿದಲ್ಲಿ ತುಂಬಿದೆವು. ನಮ್ಮ ಗದ್ದೆಯ ಬದು ಕಟ್ಟುವ ಕ್ರಮವೇ: ಒಂದು ಪದರ ಮಣ್ಣು, ನೀರು ಚಿಮುಕಿಸಿ ಕಾಲಿನಿಂದ ತುಳಿ, ಮತ್ತೊಂದು ಪದರ. ಭಾನುವಾರ ಮಗನೂ ಬಂದು ಹಾರೆ ಹಿಡಿದ. ಕೋಣಂದೂರಿನ ಮಾತನ್ನು ಎತ್ತಲಿಲ್ಲ.

ತುಳಿದು ಗಟ್ಟಿಯಾದ ಮಣ್ಣಿನ ಮೇಲೆ ಮೊಮ್ಮಗಳನ್ನು ಮೊದಲು ಬರಿಗಾಲಿನಲ್ಲಿ ನಡೆಸಿದೆ. ಕುಣಿದು ನೋಡು ಎಂದೆ, ಕುಣಿದಳು. ಕಾಲು ಹೂತುಹೋಗಲಿಲ್ಲ. ಅವಳೇ ಹೊತ್ತು ಹಾಕಿದ ಮಣ್ಣು, ಅವಳೇ ತುಳಿದ ನೆಲ. ಆಮೇಲೆ ಸೈಕಲ್ ಹತ್ತಿದಳು. ಮೊದಲು ನಡುವಿಗೆ ಎಳೆಯಿತು, ಹಲ್ಲು ಕಚ್ಚಿ ಎಡಕ್ಕೆ ತಂದಳು. ಮತ್ತೆ ಎಳೆಯಿತು, ಮತ್ತೆ ತಂದಳು. ಹಾಗೆ ಎಷ್ಟೋ ಸಂಜೆ. ಕೊನೆಗೆ ಒಂದು ದಿನ ಮಾತಾಡುತ್ತಾ, ಪಿಟಿ ಮಾಸ್ತರನ್ನು ಅಣಕಿಸುತ್ತಾ, ಅಂಚಿನಲ್ಲೇ ಹೋದಳು. ಅಂಚಿನಲ್ಲಿದ್ದೇನೆ ಎಂಬುದನ್ನೇ ಮರೆತಿದ್ದಳು. ಕಲಿತದ್ದಾಯಿತು ಎಂದು ನನಗೆ ಆಗಲೇ ಗೊತ್ತಾಯಿತು.

ಎರಡನೇ ಪರೀಕ್ಷೆಗೆ ಮಾಸ್ತರು ಬೈಕಿನಲ್ಲಿ ಹಿಂದೆ ಹಿಂದೆ ಬಂದು ನೋಡಿದರು. ನೀರಂಚಿನ ಮಕ್ಕಳೆಲ್ಲ ಸಾಲಾಗಿ ಹೋದರು. ತಿರುವಿನಲ್ಲಿ ನಮ್ಮ ಕೆಂಪು ಅಂಚಿನ ಮೇಲೆ ಒಂದರ ಹಿಂದೆ ಒಂದು ಚಕ್ರ. ನನ್ನ ಹುಡುಗಿ ಮುಂದೆ, ಕೈ ಚಾಚಿ, ಬೆನ್ನು ನೆಟ್ಟಗೆ. ನಾನು ರಸ್ತೆ ಬದಿಯಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡೆ, ಇಲ್ಲದಿದ್ದರೆ ಕೂಗಿಬಿಡುತ್ತಿದ್ದೆ. ಮಾಸ್ತರು ಬೈಕ್ ನಿಲ್ಲಿಸಿ, "ಪಾಸ್ ಅಜ್ಜಿ, ಎಲ್ಲಾ ಪಾಸ್" ಎಂದರು. ಆಮೇಲೆ ಬಗ್ಗಿ ನೆಲ ನೋಡಿ, "ಇದನ್ನ ಯಾರು ಮಾಡಿಸಿದ್ದು?" ಎಂದು ಕೇಳಿದರು. "ನಿಮ್ಮ ರೂಲ್ಸು" ಎಂದೆ. ಅಂದು ರಾತ್ರಿ ಸೊಸೆಗೆ ಹೇಳಿ ಪಾಯಸ ಮಾಡಿಸಿದೆ. ಮಗ ಎರಡು ಸಲ ಹಾಕಿಸಿಕೊಂಡ.

ಕಥೆ ಇಲ್ಲಿ ಮುಗಿದಿದ್ದರೆ ನನ್ನ ನಾಲಿಗೆಯಲ್ಲಿ ಪಾಯಸದ ರುಚಿಯೇ ಉಳಿಯುತ್ತಿತ್ತು.

ಮುಂದಿನ ಶನಿವಾರ ಹುಡುಗಿ ಸಿಡಿಮಿಡಿ ಮಾಡುತ್ತಾ ಬಂದಳು. ನಮ್ಮ ಅಂಚಿನ ಮೇಲೆ ಕಾರುಗಳು ನಿಂತಿದ್ದವಂತೆ. ಹೋಗಿ ನೋಡಿದೆ, ನಿಜ. ನೀರು ಚೆನ್ನಾಗಿ ಕಾಣುವ ತಿರುವು. ಮೊದಲು ಮುಳ್ಳು, ಚರಂಡಿ ಎಂದು ಯಾರೂ ನಿಲ್ಲುತ್ತಿರಲಿಲ್ಲ. ಈಗ ಯಾರೋ ಪುಣ್ಯಾತ್ಮರು ಜಾಗ ಮಾಡಿಟ್ಟಿದ್ದಾರೆ! ಸಾಲಾಗಿ ಕಾರು ನಿಲ್ಲಿಸಿ, ನೀರಿಗೆ ಬೆನ್ನು ಮಾಡಿ ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಮಕ್ಕಳು ಕಾರುಗಳನ್ನು ಬಳಸಿ ಮತ್ತೆ ರಸ್ತೆಯ ನಟ್ಟ ನಡುವೆ ಹೋಗಬೇಕು. ಈ ಸಂಗತಿ ಮಗನ ಕಿವಿಗೂ ಬಿತ್ತು. "ಹಿಂಗಾದ್ರೆ ಕಷ್ಟ ಅಮ್ಮ" ಎಂದ. ಅವನು ಹೇಳದೆ ಬಿಟ್ಟ ಮಾತು ಕೋಣಂದೂರು ಎಂದು ನನಗೂ ಗೊತ್ತಾಯಿತು, ಒಳಗೆ ಬಟ್ಟೆ ಮಡಿಸುತ್ತಿದ್ದವಳಿಗೂ ಗೊತ್ತಾಯಿತು.

ನಾವು ಹೆಂಗಸರು ಹೊಳೆಯ ದಂಡೆಯಿಂದ ಗುಂಡುಕಲ್ಲು ಉರುಳಿಸಿ ತಂದು, ಸೈಕಲ್ ನುಸುಳುವಷ್ಟು ಜಾಗ ಬಿಟ್ಟು, ಸಾಲಾಗಿ ಇಟ್ಟು ಸುಣ್ಣ ಬಳಿದೆವು. ಒಂದು ವಾರ ಕಾರು ನಿಲ್ಲಲಿಲ್ಲ. ಎರಡನೇ ವಾರ ಯಾರೋ ದೂರು ಕೊಟ್ಟರು. ಮಣ್ಣು ಹಾಕುವಾಗ ಯಾರದ್ದೂ ಆಗಿರದ ಜಾಗ, ಕಲ್ಲು ಇಟ್ಟ ಮೇಲೆ ಸರ್ಕಾರದ್ದಾಯಿತು. ರಸ್ತೆಯ ಆಫೀಸಿನವರು ಜೀಪಿನಲ್ಲಿ ಬಂದರು.

"ಯಾರು ಅಜ್ಜಿ ಇಲ್ಲಿ ಕಲ್ಲು ಇಟ್ಟಿದ್ದು? ವಾಹನಕ್ಕೆ ತಾಗಿದ್ರೆ ಯಾರು ಜವಾಬ್ದಾರಿ?"

"ಮಕ್ಕಳಿಗೆ ವಾಹನ ತಾಗಿದ್ರೆ ಯಾರು?"

"ಅದು ಬೇರೆ ವಿಷ್ಯ. ರಸ್ತೆ ಬದಿ ಅಡೆತಡೆ ಇಡಬಾರ್ದು, ರೂಲ್ಸ್ ಉಂಟು."

"ರೂಲ್ಸ್ ಇಲ್ಲದ್ದು ಎಂತದಾದ್ರೂ ಉಂಟಾ, ಒಂದು ಹೇಳಿ ನೋಡುವಾ."

ಅವರು ಕಲ್ಲುಗಳನ್ನು ಚರಂಡಿಗೆ ಉರುಳಿಸಿ ಹೋದರು.

ಮರುದಿನ ಬೆಳಿಗ್ಗೆ ಗೋಣಿಚೀಲ, ಎಲೆಅಡಿಕೆ ಚೀಲ ಹಿಡಿದು ಹೋಗಿ ಆ ತಿರುವಿನಲ್ಲಿ ಕೂತೆ. ಕಲ್ಲು ಇಡಬಾರದು ಎಂದರು. ಮುದುಕಿ ಕೂರಬಾರದು ಎಂದು ಇನ್ನೂ ಯಾರೂ ಹೇಳಿಲ್ಲ. ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗುವ ಹೊತ್ತು, ಸಂಜೆ ಬರುವ ಹೊತ್ತು, ಅಷ್ಟೇ ನನ್ನ ಡ್ಯೂಟಿ. ಆಚೆ ತುದಿಯಲ್ಲಿ ಕೆಳಗಿನ ಮನೆಯವಳು ಕೂರುತ್ತಾಳೆ, ಬುಟ್ಟಿ ಹೆಣೆಯುತ್ತಾ, ಬರುವವರನ್ನೆಲ್ಲ ಬೈಯುತ್ತಾ. ಕಾರು ಬಂದು ಮೆಲ್ಲಗಾಗುತ್ತದೆ. ಗಾಜು ಇಳಿಯುತ್ತದೆ.

"ಅಜ್ಜಿ, ಸ್ವಲ್ಪ ಆ ಕಡೆ ಜರುಗ್ತೀರಾ? ಕಾರ್ ಹಾಕ್ಬೇಕಿತ್ತು."

"ಶಾಲೆ ಬೆಲ್ ಹೊಡೀಲಿ ಮಗಾ, ಆಮೇಲೆ ಇಡೀ ಊರೇ ನಿಂದು."

ಕೆಲವರು ನಗುತ್ತಾರೆ, ಕೆಲವರು ಗೊಣಗುತ್ತಾರೆ. ಒಬ್ಬಳು ಹುಡುಗಿ ಸಮುದ್ರ ಬಿಟ್ಟು ನನ್ನದೇ ಫೋಟೋ ತೆಗೆದುಕೊಂಡು ಹೋದಳು. ಮಗನಿಗೆ ಮೊದಲು ನಾಚಿಕೆಯಾಗಿತ್ತು. ಈಗ ಕೆಲಸಕ್ಕೆ ಹೋಗುವ ಮೊದಲು ಅವನೇ ಗೋಣಿಚೀಲ ಕೊಡವಿ ಬಾಗಿಲ ಹತ್ತಿರ ಇಟ್ಟು ಹೋಗುತ್ತಾನೆ.

ಇವತ್ತು ಬೆಳಿಗ್ಗೆಯೂ ಕೂತಿದ್ದೆ. ಮಕ್ಕಳ ಸಾಲು ತಿರುವಿನಲ್ಲಿ ಕಾಣಿಸಿತು. ಮುಂದೆ ನನ್ನ ಹುಡುಗಿ, ಎರಡು ಜಡೆ, ಬೆನ್ನಿಗೆ ಚೀಲ. ಅವಳನ್ನು ನೋಡುವ ಸಂಭ್ರಮದಲ್ಲಿ ನಾನು ಕಾಲು ಉದ್ದಕ್ಕೆ ಚಾಚಿಕೊಂಡಿದ್ದೇನೆ ಎಂಬುದೇ ಮರೆತಿತ್ತು. ಅವಳು ದೂರದಿಂದಲೇ ಬೆಲ್ ಹೊಡೆದಳು, ಬಿಡದೆ ಹೊಡೆದಳು.

"ಅಜ್ಜೀ, ಕಾಲು ಒಳಗೆ ಎಳ್ಕ! ನನ್ನ ದಾರೀಲಿ ಕಾಲು ಹಾಕ್ಬೇಡ!"

ಎಳೆದುಕೊಂಡೆ. ಒಂದಾದ ಮೇಲೊಂದು ಚಕ್ರ ನನ್ನ ಬೆರಳ ತುದಿಯ ಪಕ್ಕದಲ್ಲೇ ದಾಟಿ ಹೋಯಿತು.